ಮಾಡುವವರೂ ಮಾಡಿಸುವವರೂ: ಬೆಂಗಳೂರಿನ ವಿಮಾನಶಿಲ್ಪದ ಚರಿತ್ರೆಯಲ್ಲಿ ಮುಖಂಡತ್ವದ ರೀತಿಗಳು

ವ್ಯಾಕರಣಶಾಸ್ತ್ರದಲ್ಲಿ ಕಾರಕಪ್ರಕರಣವನ್ನೋದುವ ವಿದ್ಯಾರ್ಥಿಗೆ ಕರ್ತೃವೆಂದರೆ ಯಾರೆಂಬ ಪ್ರಶ್ನೆಯು ಮೊಟ್ಟಮೊದಲಿಗೆ ಎದುರಾಗುತ್ತದೆ. ಮರವನ್ನು ಕಡಿಯುವವನು ಕರ್ತೃ. ಅವನ ಕೈಯಲ್ಲಿರುವ ಕೊಡಲಿಯು ಕರಣ. ಇಷ್ಟು ಸುಲಭವೇ ಸರಿ. ಆದರೆ ಒಡೆಯನೊಬ್ಬನು ಆಳಿನಿಂದ ಮರವನ್ನು ಕಡಿಯಿಸಿದಾಗ ಕರ್ತೃವು ಯಾರು? ಪಾಣಿನಿಯೂ ಅವನ ವ್ಯಾಖ್ಯಾನಕಾರರೂ ಇದಕ್ಕೆ ಕೊಡುವ ಉತ್ತರವು ಬಲು ಸೂಕ್ಷ್ಮವಾದುದು. ಮಾಡಿಸುವವನು ಪ್ರಯೋಜಕಕರ್ತೃವೆನಿಸಿಕೊಳ್ಳುತ್ತಾನೆ, ಆದರೂ ಅದರಿಂದ ಮಾಡುವವನ ಕರ್ತೃತ್ವವು ನಷ್ಟವಾಗುವುದಿಲ್ಲ. ಅವನು ಕೊಡಲಿಯಂತೆ ಬರಿಯ ಕರಣವಾಗದೆ, ಪ್ರಯೋಜ್ಯಕರ್ತೃವೆಂಬ ಹೆಸರಿನಿಂದ ಕರ್ತೃವಾಗಿಯೇ ಉಳಿಯುತ್ತಾನೆ.

ಶಾಸ್ತ್ರಕಾರರು ಪದಸಿದ್ಧಿಗಾಗಿ ಹೇಳಿದ ಈ ವಿವೇಚನೆಯು ಸಂಸ್ಥೆಗಳ ಚರಿತ್ರೆಯನ್ನು ಪರಿಶೀಲಿಸುವವನಿಗೂ ಒಳ್ಳೆಯ ದೀಪವಾಗಬಲ್ಲುದೆಂದು ನಮ್ಮ ಅಭಿಪ್ರಾಯ. ಹಲವರು ಕೂಡಿ ನಡೆಯಿಸುವ ಕಾಯಕದಲ್ಲಿ ಮುಂದಾಳಾದವನು ತನ್ನ ಸಂಗಡಿಗರನ್ನು ಕರಣಗಳೆಂದು ಬಗೆಯುವನೋ, ಕರ್ತೃಗಳೆಂದು ಬಗೆಯುವನೋ ಎಂಬುದರ ಮೇಲೆ ಆ ಸಂಘದ ಒಕ್ಕಟ್ಟು ಬಹುಮಟ್ಟಿಗೆ ನಿಂತಿರುತ್ತದೆ. ಅವನು ಸ್ಥಾನವನ್ನು ಬಿಟ್ಟು ಹೋದ ಮೇಲಣ ಕಾರ್ಯಸಿದ್ಧಿಯಂತೂ ಇನ್ನೂ ಹೆಚ್ಚಾಗಿ ನಿಂತಿರುತ್ತದೆ. ಮಠದ ಉತ್ಸವಸಂಪುಟದಲ್ಲಿ ವಿಮಾನ ಕಾರ್ಖಾನೆಯ ಪ್ರಸ್ತಾಪವೇತಕ್ಕೆಂದು ವಾಚಕರಲ್ಲಿ ಕೆಲವರು ಹುಬ್ಬನ್ನೇರಿಸಬಹುದು. ಮಠವಾಗಲಿ, ಪಾಠಶಾಲೆಯಾಗಲಿ, ಯಂತ್ರಶಾಲೆಯಾಗಲಿ, ಹಿರಿಯರು ಹೋದ ಬಳಿಕ ಕೆಲಸವು ನಿಲ್ಲುವುದೋ ಸಾಗುವುದೋ ಎಂಬ ಚಿಂತೆಯು ಎಲ್ಲಕ್ಕೂ ಒಂದೇ. ಈ ಚಿಂತೆಗೆ ಹಲಸೂರಿನಿಂದ ಮೂಡಲಿಗೆ ಕೆಲವು ಮೈಲಿಗಳೊಳಗೆ ದೊರೆಯುವಷ್ಟು ನಿದರ್ಶನಗಳು ಬೇರೆಡೆಯಲ್ಲಿ ದೊರೆಯುವುದು ಅಪರೂಪ.

ಹಲಸೂರಿನ ಮಗ್ಗುಲಲ್ಲಿ ೧೮೦೯ರಲ್ಲಿ ಇಂಗ್ಲಿಷರ ದಂಡು ನೆಲೆಗೊಂಡಿತಷ್ಟೆ. ಮುಂದೆ ಬಹುಕಾಲದವರೆಗೆ ಈ ಭಾಗದ ಜನರು ಕಂಡ ದೊಡ್ಡ ವ್ಯವಸ್ಥೆಯೆಂದರೆ ಮುಖ್ಯವಾಗಿ ಸೈನ್ಯವೇ. ಅಲ್ಲಿ ಆಜ್ಞೆಯು ಮೇಲಿನಿಂದ ಕೆಳಗಿಳಿಯುತ್ತದೆ, ಕೆಳಗಿನಿಂದ ಮೇಲಕ್ಕೆ ವಂದನೆ ಮಾತ್ರ ಏರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೦ನೆಯ ಇಸವಿ ಡಿಸೆಂಬರ್ ೨೩ನೆಯ ತಾರೀಖು, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ಕಂಪನಿಯು ಸ್ಥಾಪಿಸಲ್ಪಟ್ಟಾಗ ಬೇರೊಂದು ಬಗೆಯ ಸಂಸ್ಥೆಯು ಇಲ್ಲಿ ತಲೆಯೆತ್ತಿತು. ಉದ್ಯಮಿಗಳಾದ ವಾಲ್‌ಚಂದ್ ಹೀರಾಚಂದರ ಸಾಹಸವೂ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ದೂರದೃಷ್ಟಿಯೂ ಕೂಡಿದುದರಿಂದ ಈ ಕಾರ್ಯವು ನಡೆಯಿತು. ವಾಲ್‌ಚಂದರೂ ಸಂಸ್ಥಾನದವರೂ ತಲಾ ೨೫ ಲಕ್ಷ ರೂಪಾಯಿಗಳನ್ನು ಹೂಡಿದರು. ಕಾರ್ಖಾನೆಗೆ ಬೇಕಾದ ವಿಶಾಲವಾದ ಭೂಮಿಯನ್ನು ಸಂಸ್ಥಾನವು ಒದಗಿಸಿತು. ಮಾಡಿಸುವ ಹೊಣೆಯನ್ನು ಹೊತ್ತವನು ವಿಲಿಯಂ ಪಾಲಿ ಎಂಬ ಅಮೇರಿಕಾದ ವ್ಯಾಪಾರಿ. ೧೯೪೧ರ ಆಗಸ್ಟಿನಲ್ಲಿ ಹಾರ್ಲೋ ಎಂಬ ತರಬೇತಿನ ವಿಮಾನವೂ, ೧೯೪೨ರ ಜುಲೈಯಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೂ ಇಲ್ಲಿ ಜೋಡಿಸಲ್ಪಟ್ಟು ಹಾರಿದುವು.

ಆದರೆ ಯಜಮಾನಿಕೆಯು ಒಂದೆಡೆ ನಿಲ್ಲಲಿಲ್ಲ. ೧೯೪೧ರಲ್ಲಿ ಭಾರತ ಸರ್ಕಾರವು ಪಾಲುಗಾರನಾಗಿ ಸೇರಿತು. ೧೯೪೨ರಲ್ಲಿ ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನೇ ವಹಿಸಿಕೊಂಡಿತು. ೧೯೪೩ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯನ್ನು ಅಮೇರಿಕಾದ ವಾಯುಸೈನ್ಯಕ್ಕೆ ಒಪ್ಪಿಸಲಾಯಿತು. ಮೂರು ವರುಷಗಳೊಳಗೆ ಮೂವರು ಯಜಮಾನರು. ಸೈನ್ಯದ ಕಾಲದಲ್ಲಿ ಕೆಲಸವು ಹೊಸ ವಿಮಾನಗಳ ನಿರ್ಮಾಣವಾಗಿರದೆ, ಯುದ್ಧರಂಗದಿಂದ ಬಂದ ವಿಮಾನಗಳನ್ನೂ ಎಂಜಿನುಗಳನ್ನೂ ಬಿಚ್ಚಿ ಸರಿಪಡಿಸಿ ಹಿಂದಕ್ಕೆ ಕಳುಹಿಸುವುದಾಗಿತ್ತು. ಅದು ಭರದಿಂದ ನಡೆಯಿತು, ಚೆನ್ನಾಗಿಯೂ ನಡೆಯಿತು. ಶತ್ರುವು ಬಾಗಿಲಲ್ಲಿ ನಿಂತಿರುವಾಗ ಆಜ್ಞೆಯ ರೀತಿಗೆ ಸಮನಾದ ರೀತಿಯಿಲ್ಲವೆಂಬುದನ್ನು ಒಪ್ಪಲೇಬೇಕು. ಈ ಭಾಗದ ಸಾವಿರಾರು ಮಂದಿ ಲೋಹದ ತಗಡನ್ನು ಕೂದಲೆಳೆಯಷ್ಟು ನಿಖರವಾಗಿ ಕತ್ತರಿಸುವ ಕುಶಲತೆಯನ್ನು ಆಗಲೇ ಕಲಿತರು. ಆದರೆ ಕೈ ಕಲಿತಷ್ಟು ತಲೆಗೆ ಅವಕಾಶ ಸಿಕ್ಕಲಿಲ್ಲ. ಯುದ್ಧವು ಮುಗಿದು ಆ ಸೈನ್ಯವು ಹೊರಟುಹೋದಾಗ, ನುರಿತ ಕೈಗಳೆಲ್ಲವೂ ಇದ್ದು, ಮಾಡತಕ್ಕ ಕೆಲಸವೇ ಇಲ್ಲದಂತಾಯಿತು. ರೈಲುಗಾಡಿಗಳನ್ನೂ ಬಸ್ಸುಗಳ ಮೈಗಳನ್ನೂ ಕಟ್ಟಿ ಕಾರ್ಖಾನೆಯು ಜೀವವನ್ನುಳಿಸಿಕೊಳ್ಳಬೇಕಾಯಿತು.

ಇಂತಹ ಸಂದರ್ಭದಲ್ಲಿ ಪ್ರಮುಖರಾಗಿ ಕಾಣಬರುವವರು ಡಾಕ್ಟರ್ ವಿ. ಎಂ. ಘಾಟಗೆಯವರು. ಇವರು ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ, ವಾಯುಗತಿಶಾಸ್ತ್ರಕ್ಕೆ ಪಿತಾಮಹರೆನಿಸಿದ ಪ್ರಾಂಟ್ಲ್ ಮಹಾಶಯರಲ್ಲಿ ವ್ಯಾಸಂಗ ಮಾಡಿದವರು. ಟಾಟಾ ವಿಜ್ಞಾನಮಂದಿರವೆಂದು ಜನರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರ ಕೊನೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಹುಟ್ಟಿದಾಗ ಅದನ್ನು ಕಟ್ಟಿ ನಿಲ್ಲಿಸಿದವರು ಇವರೇ. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಮಾನವನ್ನು ರಚಿಸುವುದಕ್ಕಿಂತ ಮೊದಲು ವಿಮಾನವನ್ನು ರಚಿಸಬಲ್ಲವರನ್ನು ಸಿದ್ಧಪಡಿಸುವ ಕೆಲಸವು ಇವರ ಪಾಲಿಗೆ ಬಂದಿತು. ಮುಂದೆ ಕಾರ್ಖಾನೆಯ ವಿನ್ಯಾಸಶಾಖೆಯಲ್ಲಿ ಭಾರತೀಯರೇ ಆದ ಎಂಜಿನಿಯರುಗಳ ಒಂದು ಚಿಕ್ಕ ಬಳಗವು ಇವರ ಸುತ್ತಲೂ ಸೇರಿತು. ಈ ಬಳಗವು ರಚಿಸಿದ ಎಚ್‌ಟಿ-೨ ಎಂಬ ಇಬ್ಬರು ಕುಳಿತುಕೊಳ್ಳುವ ತರಬೇತಿನ ವಿಮಾನವು ೧೯೫೧ರ ಆಗಸ್ಟಿನಲ್ಲಿ ಹಾರಿತು. ನೋಡುವುದಕ್ಕೆ ಸಾಧಾರಣವಾದ ವಿಮಾನ. ಮುಂದೆ ಒಂದು ಎಂಜಿನು, ಕೆಳಗೆ ಎರಡು ಗಾಲಿ. ನಮ್ಮ ವಾಯುಸೈನ್ಯದ ಎಷ್ಟೋ ಮಂದಿ ತರುಣರು ಹಾರುವುದನ್ನು ಕಲಿತದ್ದು ಇದರಲ್ಲಿಯೇ. ಬಳಿಕ ೧೯೫೮ರಲ್ಲಿ ಪುಷ್ಪಕವೂ, ಆಮೇಲೆ ಕೃಷಕವೂ ಬಂದುವು. ೧೯೬೪ರಲ್ಲಿ ಕಿರಣವೆಂಬ ಜೆಟ್ ತರಬೇತಿನ ವಿಮಾನವು ಹಾರಿತು. ಒಂದಾದ ಮೇಲೊಂದಾಗಿ ಬಂದ ಈ ಹೆಸರುಗಳಲ್ಲಿ ಒಂದು ಪಾಠಕ್ರಮವು ಕಾಣುತ್ತದೆ. ಬಾಲಬೋಧೆಯನ್ನು ಮುಗಿಸದೆ ಮಹಾಕಾವ್ಯಕ್ಕೆ ಕೈಯಿಡಗೊಡದ ಉಪಾಧ್ಯಾಯರ ರೀತಿ ಇದು.

ಆದರೆ ರಾಷ್ಟ್ರಕ್ಕೆ ಮಹಾಕಾವ್ಯವು ಬೇಗನೆ ಬೇಕಾಗಿತ್ತು. ಧ್ವನಿಯ ಎರಡರಷ್ಟು ವೇಗದಲ್ಲಿ ಹೋಗಬಲ್ಲ ಯುದ್ಧವಿಮಾನವೊಂದನ್ನು ವಾಯುಸೈನ್ಯದವರು ಕೇಳಿದರು. ಅದಕ್ಕಾಗಿ ೧೯೫೬ರಲ್ಲಿ ಕರೆಯಿಸಲ್ಪಟ್ಟವರು ಪ್ರೊಫೆಸರ್ ಕುರ್ಟ್ ಟಾಂಕ್. ಜರ್ಮನಿಯ ಫೋಕೆವುಲ್ಫ್ ಕಾರ್ಖಾನೆಯಲ್ಲಿ ಪ್ರಖ್ಯಾತವಾದ ಎಫ್‌ಡಬ್ಲ್ಯು-೧೯೦ ಎಂಬ ಯುದ್ಧವಿಮಾನವನ್ನು ರಚಿಸಿದವರು ಇವರು. ಯುದ್ಧಾನಂತರ ಅರ್ಜೆಂಟೈನಾ ದೇಶದಲ್ಲಿ ಕೆಲಸಮಾಡಿ, ಅಲ್ಲಿ ಪೆರೋನನ ಅಧಿಕಾರವು ಉರುಳಿದ ಮೇಲೆ ನಮ್ಮ ದೇಶಕ್ಕೆ ಬಂದರು. ತಾವು ರಚಿಸಿದ ವಿಮಾನವನ್ನು ತಾವೇ ಏರಿ ಹಾರಿಸಿ ನೋಡುವಷ್ಟು ಗಂಡೆದೆಯವರು. ಅವರ ಜತೆಯಲ್ಲಿ ಸುಮಾರು ೧೮ ಮಂದಿ ಜರ್ಮನ್ ಎಂಜಿನಿಯರುಗಳು ಬಂದರು. ಅವರ ಕೈಕೆಳಗೆ ಭಾರತೀಯ ತರುಣರ ವಿನ್ಯಾಸಶಾಖೆಯು ಬಹುಬೇಗನೆ ಬೆಳೆಯಿತು. ಮೊದಲು ವಿಮಾನದ ಪೂರ್ಣಪ್ರಮಾಣದ ಮರದ ಮಾದರಿಯೊಂದನ್ನು ಎಂಜಿನಿಲ್ಲದ ಗ್ಲೈಡರಾಗಿ ಕಟ್ಟಿ, ಬೇರೊಂದು ವಿಮಾನದಿಂದ ಎಳೆಯಿಸಿ ೧೯೫೯ರಲ್ಲಿ ಹಾರಿಸಲಾಯಿತು. ೧೯೬೧ನೆಯ ಇಸವಿ ಜೂನ್ ೧೭ರಂದು ಮಾರುತವೆಂಬ ಹೆಸರಿನ ಆ ಯುದ್ಧವಿಮಾನವು ವಿಂಗ್ ಕಮಾಂಡರ್ ಸುರಂಜನ್ ದಾಸರ ಕೈಯಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಅದುವರೆಗೆ ತರಬೇತಿನ ಚಿಕ್ಕ ವಿಮಾನಗಳನ್ನೇ ರಚಿಸುತ್ತಿದ್ದ ಕಾರ್ಖಾನೆಯು ಐದು ವರುಷಗಳಲ್ಲಿ ಇದನ್ನು ಸಾಧಿಸಿತು. ಹೀಗೆ ಹಾರಬಲ್ಲ ಮುಖಂಡನೊಬ್ಬನು ಮುಂದೆ ನಿಂತರೆ ಸಂಘವು ಎಷ್ಟು ದೂರ ನೆಗೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾವರಿಯೆವು.

ಮುಂದಿನ ಕಥೆಯು ಅಷ್ಟು ಸುಖಕರವಲ್ಲ. ಮಾರುತಕ್ಕೆಂದು ನೆಚ್ಚಿಕೊಂಡಿದ್ದ ಬಲಿಷ್ಠವಾದ ಇಂಗ್ಲಿಷ್ ಎಂಜಿನು ದೊರೆಯಲಿಲ್ಲ. ಅದನ್ನು ಬೆಳೆಯಿಸುವ ವೆಚ್ಚವನ್ನು ಬ್ರಿಟಿಷ್ ಸರ್ಕಾರವೂ ವಹಿಸಲಿಲ್ಲ, ನಮ್ಮ ಸರ್ಕಾರವೂ ವಹಿಸಲಿಲ್ಲ. ದೊರೆತ ಚಿಕ್ಕ ಎಂಜಿನಿನಿಂದ ವಿಮಾನವು ಧ್ವನಿಯ ವೇಗವನ್ನು ಮುಟ್ಟುವುದೇ ಕಷ್ಟವಾಯಿತು. ಆ ಎಂಜಿನಿಗೇ ಹೆಚ್ಚಿನ ಬಲವನ್ನು ಕೂಡಿಸುವ ಪ್ರಯತ್ನದಲ್ಲಿ, ೧೯೭೦ರ ಜನವರಿ ೧೦ರಂದು, ಸುರಂಜನ್ ದಾಸರು ಇದೇ ಬೆಂಗಳೂರಿನಲ್ಲಿ ಪ್ರಾಣವನ್ನೊಪ್ಪಿಸಿದರು. ಹಳೆಯ ಮದರಾಸು ರಸ್ತೆಯಿಂದ ವಿಮಾನನಿಲ್ದಾಣದ ಹಳೆಯ ರಸ್ತೆಗೆ ಕೂಡುವ ಹಾದಿಗೆ ಅವರ ಹೆಸರನ್ನಿಟ್ಟಿದೆ. ಅದರಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಅರ್ಥವು ಗೊತ್ತೋ ಹೇಳಬರುವುದಿಲ್ಲ. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತಗಳು ಚೆನ್ನಾಗಿ ಹೋರಾಡಿದುವು. ಒಟ್ಟು ೧೪೭ ವಿಮಾನಗಳು ತಯಾರಾದ ಮೇಲೆ ನಿರ್ಮಾಣವು ನಿಂತಿತು. ಟಾಂಕರು ೧೯೬೭ರಲ್ಲಿಯೇ ಹೊರಟುಹೋಗಿದ್ದರು. ಆಮೇಲೆ ಧ್ವನಿವೇಗದ ಮತ್ತೊಂದು ಯುದ್ಧವಿಮಾನವನ್ನು ನಮ್ಮವರು ರಚಿಸಿ ಹಾರಿಸಿದ್ದು ೨೦೦೧ರಲ್ಲಿ. ಮಾರುತದ ಮೊದಲ ಹಾರಾಟದಿಂದ ಲೆಕ್ಕ ಹಾಕಿದರೆ ನಾಲ್ವತ್ತು ವರುಷಗಳ ಅಂತರ.

ಈ ಅಂತರಕ್ಕೆಲ್ಲ ಟಾಂಕರನ್ನೇ ಹೊಣೆಮಾಡುವುದು ಅನ್ಯಾಯ. ಎಂಜಿನಿನ ವಿಷಯವು ಅವರ ಕೈಯಲ್ಲಿರಲಿಲ್ಲ. ೧೯೬೨ರಲ್ಲಿಯೇ ರಷ್ಯಾದ ಮಿಗ್ ವಿಮಾನಗಳನ್ನು ಕೊಳ್ಳಲು ನಮ್ಮ ಸರ್ಕಾರವು ಒಪ್ಪಿತ್ತು. ಸಿದ್ಧವಾಗಿ ದೊರೆಯುವ ವಿಮಾನವನ್ನು ಬಿಟ್ಟು ಮನೆಯದಕ್ಕಾಗಿ ಕಾಯುವ ಸೈನ್ಯವು ಎಲ್ಲಿಯೂ ಇಲ್ಲ. ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಮಾರುತದ ವ್ಯವಸ್ಥೆಯು ಒಬ್ಬ ಮಹಾಶಿಲ್ಪಿಯ ಸುತ್ತ ಕಟ್ಟಲ್ಪಟ್ಟಿತ್ತು. ಅವನ ತರುವಾಯ ಮುಂದಿನ ವಿಮಾನದ ಹೊಣೆಯು ಯಾರದೆಂಬ ಪ್ರಶ್ನೆಯನ್ನು ಕರೆಯಿಸಿದವರಾದರೂ ಮೊದಲೇ ಕೇಳಬೇಕಾಗಿತ್ತು. ಅವರು ಶಿಲ್ಪಿಯನ್ನು ತಂದರು, ಶಿಲ್ಪಶಾಲೆಯನ್ನು ಯೋಚಿಸಲಿಲ್ಲ. ಮಾರುತದ ಕೆಲಸವೇ ಮುಂದಾದುದರಿಂದ ಘಾಟಗೆಯವರ ಬಳಗದ ಕಿರಣವೂ ತಡವಾಯಿತೆಂಬುದನ್ನು ಇಲ್ಲಿ ನೆನೆಯಬೇಕು.

ಮುಖಂಡನು ಎದ್ದುಹೋದ ಮೇಲೆ ಏನಾಗುವುದೆಂಬುದನ್ನು ಪರೀಕ್ಷೆಯಿಂದಲೇ ನೋಡಿದವರೂ ಉಂಟು. ಜರ್ಮನಿಯಿಂದ ಅಮೇರಿಕಾಕ್ಕೆ ಬಂದು ನೆಲಸಿದ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರೂ, ಲಿಪಿಟ್, ವೈಟ್ ಎಂಬ ಅವರ ಸಂಗಡಿಗರೂ ಅಯೋವಾ ಪ್ರಾಂತದಲ್ಲಿ ಹತ್ತು ವರುಷದ ಹುಡುಗರ ಕೂಟಗಳನ್ನು ಮಾಡಿ, ಮುಖವಾಡಗಳನ್ನು ತಯಾರಿಸುವುದೇ ಮೊದಲಾದ ಕೆಲಸಗಳನ್ನು ಕೊಟ್ಟರು. ಆಜ್ಞೆ ಮಾಡುವವನು, ಕೂಡಿ ಆಲೋಚಿಸುವವನು, ಏನನ್ನೂ ಹೇಳದೆ ಸುಮ್ಮನಿರುವವನು ಎಂದು ಮೂರು ಬಗೆಯ ಮುಖಂಡರನ್ನು ನಿಯಮಿಸಿದರು. ಫಲಿತಾಂಶವು ೧೯೩೯ರಲ್ಲಿ ಪ್ರಕಟವಾಯಿತು. ಆಜ್ಞಾಪಕನು ಎದುರಿಗಿರುವಾಗ ಕೆಲಸವು ಹೆಚ್ಚಾಗಿಯೇ ನಡೆಯುತ್ತಿತ್ತು. ಅವನು ಹೊರಗೆ ಹೋದೊಡನೆ ಥಟ್ಟನೆ ಕುಗ್ಗುತ್ತಿತ್ತು. ಕೂಡಿ ಆಲೋಚಿಸಿದ ಕೂಟದಲ್ಲಿ ಮುಖಂಡನಿದ್ದರೂ ಇಲ್ಲದಿದ್ದರೂ ಕೆಲಸವು ಹೆಚ್ಚುಕಡಿಮೆ ಒಂದೇ ಸಮನಾಗಿ ಸಾಗುತ್ತಿತ್ತು. ಸುಮ್ಮನಿದ್ದವನ ಕೂಟದಲ್ಲಿ ಕೆಲಸವು ಎಲ್ಲಕ್ಕಿಂತ ಕಡಮೆ. ಹುಡುಗರ ಮುಖವಾಡಗಳಿಂದ ದೊಡ್ಡವರ ಕಾರ್ಖಾನೆಯನ್ನು ಅಳೆಯಲಾದೀತೆ ಎಂದರೆ, ಪೂರ್ತಿಯಾಗಿ ಆಗದು. ಹಾಗಿದ್ದರೂ ವೈಯಾಕರಣರ ಮಾತಿಗೂ ಇದಕ್ಕೂ ಇರುವ ಸಾಮ್ಯವು ಗಮನಾರ್ಹವಾಗಿದೆ.

ಮಹಾಪುರುಷನು ತಾನು ಮಾಡುವುದರಲ್ಲಿ ಅಸಮಾನನಾದ ಮಾತ್ರಕ್ಕೆ ಮಾಡಿಸುವುದರಲ್ಲಿಯೂ ಅಸಮಾನನಾಗಬೇಕೆಂಬ ನಿಯಮವಿಲ್ಲ. ಕಾರ್ಖಾನೆಯ ಸಮೀಪದ ಬಡಾವಣೆಯೊಂದಕ್ಕೆ ಸರ್ ಸಿ. ವಿ. ರಾಮನ್ನರ ಹೆಸರಿದೆಯಷ್ಟೆ. ಅವರು ೧೯೩೩ರಲ್ಲಿ ವಿಜ್ಞಾನಮಂದಿರಕ್ಕೆ ಭಾರತೀಯರಲ್ಲಿ ಮೊದಲನೆಯ ನಿರ್ದೇಶಕರಾದರು. ಭೌತವಿಜ್ಞಾನದ ವಿಭಾಗವನ್ನು ಬಹು ವೇಗದಿಂದ ಕಟ್ಟಿದರು; ಉಳಿದ ವಿಭಾಗದವರಲ್ಲಿ ಅಸಮಾಧಾನವು ಬೆಳೆಯಿತು. ವಿಚಾರಣಾ ಸಮಿತಿಯು ಬಂದಿತು. ೧೯೩೭ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಹೋಮಿ ಭಾಭಾ, ವಿಕ್ರಮ ಸಾರಾಭಾಯಿ ಇವರು ಯುದ್ಧಕಾಲದಲ್ಲಿ ಇವರ ವಿಭಾಗದಲ್ಲಿಯೇ ಕೆಲಸಮಾಡಿದರೆಂಬುದನ್ನೂ ಮರೆಯಲಾಗದು. ಶಿಷ್ಯರಿಗೆ ಒದಗಿದ ಬೆಳಕು ಸಮಾನಸ್ಕಂಧರಿಗೆ ಬಿಸಿಲಾಯಿತೆನ್ನಬಹುದು.

ಅದೇ ವಿಜ್ಞಾನಮಂದಿರಕ್ಕೆ ೧೯೬೨ರಲ್ಲಿ ನಿರ್ದೇಶಕರಾದವರು ಪ್ರೊಫೆಸರ್ ಸತೀಶ್ ಧವನ್. ಅಮೇರಿಕಾಕ್ಕೆ ವ್ಯಾಸಂಗಕ್ಕಾಗಿ ಹೋಗುವುದಕ್ಕೆ ಮುಂಚೆ ಒಂದು ವರುಷ ಇವರೂ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿದ್ದವರೇ. ೧೯೭೧ರ ಡಿಸೆಂಬರ್ ೩೦ರಂದು ಸಾರಾಭಾಯಿಯವರು ಆಕಸ್ಮಿಕವಾಗಿ ತೀರಿಕೊಂಡಾಗ ಅಂತರಿಕ್ಷ ಸಂಶೋಧನ ಸಂಸ್ಥೆಯ ಹೊಣೆಯನ್ನು ವಹಿಸಬೇಕೆಂದು ಪ್ರಧಾನಮಂತ್ರಿಗಳು ಇವರನ್ನು ಕೇಳಿದರು. ವಿಜ್ಞಾನಮಂದಿರವನ್ನು ತಾವು ಬಿಡುವುದಿಲ್ಲ, ಹೊಸ ಸಂಸ್ಥೆಯ ಮುಖ್ಯಸ್ಥಾನವು ಬೆಂಗಳೂರಿನಲ್ಲಿರಬೇಕು ಎಂಬ ಷರತ್ತುಗಳ ಮೇಲೆ ಒಪ್ಪಿದರು. ಕೈಯಲ್ಲಿ ಎರಡು ದೊಡ್ಡ ಸಂಸ್ಥೆಗಳನ್ನು ಹಿಡಿದವನು ಎಲ್ಲವನ್ನೂ ತಾನೇ ಮಾಡಲಾರನು. ಆದುದರಿಂದ ಮಾಡುವವರನ್ನು ನಂಬಲೇಬೇಕಾಗುತ್ತದೆ. ಆ ನಂಬಿಕೆಗೆ ಮೊದಲು ಪಾತ್ರರಾದವರಲ್ಲಿ ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರೊಬ್ಬರು. ಪೀಣ್ಯದ ಕೈಗಾರಿಕಾ ಬಡಾವಣೆಯ ತಗಡಿನ ಛಾವಣಿಯ ಕಟ್ಟಡಗಳಲ್ಲಿ, ಉಪಗ್ರಹವೆಂಬುದನ್ನು ಕಣ್ಣಿನಿಂದಲೂ ಕಂಡಿಲ್ಲದ ತರುಣರನ್ನು ಕೂಡಿಕೊಂಡು, ೩೬೦ ಕಿಲೋಗ್ರಾಂ ತೂಕದ ಆರ್ಯಭಟವನ್ನು ಅವರು ಸಿದ್ಧಪಡಿಸಿದರು. ಸ್ಥಳವಿಲ್ಲದೆ ಶೌಚಾಲಯವೊಂದನ್ನೇ ಸಂಕೇತಗಳನ್ನು ಬರಮಾಡಿಕೊಳ್ಳುವ ಕೊಠಡಿಯನ್ನಾಗಿ ಮಾಡಿಕೊಂಡರಂತೆ! ೧೯೭೫ರ ಏಪ್ರಿಲ್ ೧೯ರಂದು ರಷ್ಯಾದ ನೆಲದಿಂದ ಅದು ಕಕ್ಷೆಗೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಆದರೆ ಕೆಲಸ ಕಲಿತವರು ನಿಲ್ಲಲಿಲ್ಲ. ಆ ಉಪಗ್ರಹ ಕೇಂದ್ರವೇ ಮುಂದೆ ಮೂಡಲಿಗೆ ಬಂದು ವಿಮಾನಪುರದಲ್ಲಿ ನೆಲೆಸಿತು. ಈಗ ಅದಕ್ಕೆ ರಾಯರ ಹೆಸರೇ ಇದೆ.

೧೯೭೯ರ ಆಗಸ್ಟ್ ೧೦ರ ವೃತ್ತಾಂತವು ಹಲವರಿಗೆ ತಿಳಿದಿರುವುದಾದರೂ ಇಲ್ಲಿ ಹೇಳತಕ್ಕದ್ದೇ. ಶ್ರೀಹರಿಕೋಟೆಯಲ್ಲಿ ಎಸ್‌ಎಲ್‌ವಿ-೩ ಎಂಬ ನಮ್ಮ ಮೊದಲನೆಯ ಉಪಗ್ರಹವಾಹಕವು ಹೊರಡಲು ಸಿದ್ಧವಾಗಿತ್ತು. ಲೆಕ್ಕಯಂತ್ರವು ದೋಷವನ್ನು ಸೂಚಿಸಿ ತಡೆಯಿತು. ಯೋಜನೆಯ ಮುಖ್ಯರಾದ ಎ. ಪಿ. ಜೆ. ಅಬ್ದುಲ್ ಕಲಾಂರವರು ತಜ್ಞರ ಮಾತನ್ನು ಕೇಳಿ, ಆ ತಡೆಯನ್ನು ಮೀರಿ ಹಾರಿಸಲು ನಿಶ್ಚಯಿಸಿದರು. ವಾಹಕವು ಎರಡನೆಯ ಹಂತದಲ್ಲಿ ಹತೋಟಿ ತಪ್ಪಿ ಸಮುದ್ರಕ್ಕೆ ಬಿದ್ದಿತು. ಪತ್ರಿಕಾಕರ್ತರ ಸಭೆಗೆ ಧವನರು ತಾವೇ ಮುಂದಾಗಿ ಹೋಗಿ, ಸೋಲಿನ ಹೊಣೆಯನ್ನು ತಾವು ಹೊತ್ತು, ತಮ್ಮವರಲ್ಲಿ ತಮಗೆ ಪೂರ್ಣವಾದ ವಿಶ್ವಾಸವಿದೆಯೆಂದೂ ಮರುವರುಷ ಅವರು ಗೆಲ್ಲುವರೆಂದೂ ಹೇಳಿದರು. ೧೯೮೦ರ ಜುಲೈ ೧೮ರಂದು ರೋಹಿಣಿ ಉಪಗ್ರಹವು ಕಕ್ಷೆಯನ್ನು ಸೇರಿತು. ಆಗ ಪತ್ರಿಕಾಕರ್ತರನ್ನು ಕಾಣಲು ಕಲಾಂರನ್ನೇ ಕಳುಹಿಸಿದರು. ಇದನ್ನು ಕಲಾಂರವರೇ ಬಹು ಸಭೆಗಳಲ್ಲಿ ಹೇಳಿದ್ದಾರೆ. ಇದನ್ನು ಕೇಳಿದವರು ಧವನರ ಔದಾರ್ಯವನ್ನು ಹೊಗಳುತ್ತಾರೆ. ಔದಾರ್ಯಕ್ಕಿಂತ ಹೆಚ್ಚಿನದೊಂದು ಇದರಲ್ಲಿದೆಯೆಂದು ನಮಗೆ ತೋರುತ್ತದೆ. ತಡೆಯನ್ನು ಮೀರಿದ ನಿಶ್ಚಯವು ಕಲಾಂರದು. ಅದಕ್ಕಾಗಿ ಅವರನ್ನು ಸ್ಥಾನದಿಂದ ಇಳಿಸಿದ್ದರೆ, ಆ ಸಂಸ್ಥೆಯಲ್ಲಿ ಮುಂದೆ ಯಾವನೂ ತಾನಾಗಿ ನಿಶ್ಚಯ ಮಾಡುವ ಸಾಹಸಕ್ಕೆ ಹೋಗುತ್ತಿರಲಿಲ್ಲ. ಎಲ್ಲರೂ ಕೊಡಲಿಗಳಾಗಿ ಕುಳಿತಿರುತ್ತಿದ್ದರು.

ಧವನರ ತರುವಾಯ ೧೯೮೪ರಲ್ಲಿ ರಾಯರು ಅಧ್ಯಕ್ಷರಾದರು. ಅವರ ಕಾಲದಲ್ಲಿ ೧೯೮೭ರಲ್ಲೊಮ್ಮೆ, ೧೯೮೮ರಲ್ಲೊಮ್ಮೆ ಎಎಸ್‌ಎಲ್‌ವಿ ವಾಹಕವು ಬಿದ್ದಿತು, ೧೯೯೨ರಲ್ಲಿ ಗೆದ್ದಿತು. ರಾಯರ ಬಳಿಕ ೧೯೯೪ರಲ್ಲಿ ಬಂದವರು ಅದೇ ಉಪಗ್ರಹ ಕೇಂದ್ರದಲ್ಲಿ ಬೆಳೆದ ಕೆ. ಕಸ್ತೂರಿರಂಗನ್. ಹೊರಗಿನಿಂದ ಶಿಲ್ಪಿಯನ್ನು ಹುಡುಕುವ ಅಗತ್ಯವು ಬೀಳಲಿಲ್ಲ. ಪ್ರತಿವಾದವೊಂದನ್ನು ನಾವೇ ಎತ್ತಬೇಕು: ಅಂತರಿಕ್ಷ ಇಲಾಖೆಯು ನೇರವಾಗಿ ಪ್ರಧಾನಮಂತ್ರಿಗಳಿಗೆ ಒಳಪಟ್ಟಿತ್ತು, ತನ್ನ ಉಪಗ್ರಹವನ್ನು ಬೇಡವೆನ್ನುವ ಸೈನ್ಯವೊಂದು ಅದರ ತಲೆಯ ಮೇಲಿರಲಿಲ್ಲ. ವಿಮಾನ ಕಾರ್ಖಾನೆಗೆ ಆ ಭಾಗ್ಯವಿರಲಿಲ್ಲ. ೧೯೮೦ರ ಡಿಸೆಂಬರ್ ಕೊನೆಯಿಂದ ೭೭ ದಿನಗಳ ಕಾಲ ಬೆಂಗಳೂರಿನ ವಿಮಾನ, ದೂರವಾಣಿ, ಗಡಿಯಾರ ಮೊದಲಾದ ಸರ್ಕಾರೀ ಕಾರ್ಖಾನೆಗಳ ಕಾರ್ಮಿಕರು, ಒಂದು ಲಕ್ಷಕ್ಕೂ ಮೀರಿ, ವೇತನಸಾಮ್ಯಕ್ಕಾಗಿ ಕೆಲಸವನ್ನು ನಿಲ್ಲಿಸಿದಾಗ ಇದು ಬಯಲಾಯಿತು. ಎದುರಿಗೆ ಕುಳಿತ ಅಧಿಕಾರಿಗೆ ಹೂಂ ಎನ್ನುವ ಅ‌ಧಿಕಾರವಿಲ್ಲ. ಅಧಿಕಾರವಿದ್ದ ದೆಹಲಿಗೆ ಎದುರಿಗಿದ್ದವರ ಮುಖಪರಿಚಯವಿಲ್ಲ.

ಕೊನೆಯದಾಗಿ ತೇಜಸ್ಸಿನ ವಿಚಾರ. ಹಗುರವಾದ ಯುದ್ಧವಿಮಾನವೊಂದನ್ನು ರಚಿಸುವುದಕ್ಕೆಂದು ೧೯೮೪ರಲ್ಲಿ ಪ್ರತ್ಯೇಕವಾದೊಂದು ಸಂಸ್ಥೆಯು ವಿಮಾನಪುರದಲ್ಲಿ ಹುಟ್ಟಿತು; ಕೋಟ ಹರಿನಾರಾಯಣರು ಅದರ ಕಾರ್ಯನಿರ್ದೇಶಕರಾದರು. ಈ ಸಲ ಮಹಾಶಿಲ್ಪಿಯೊಬ್ಬನ ಬದಲು ದೇಶದ ಹಲವು ಪ್ರಯೋಗಶಾಲೆಗಳೂ ವಿದ್ಯಾಸಂಸ್ಥೆಗಳೂ ಹೊಣೆಯನ್ನು ಹಂಚಿಕೊಂಡುವು. ಇದರ ಬೆಲೆಯು ಸಣ್ಣದಲ್ಲ. ಟಾಂಕರು ಐದು ವರುಷಗಳಲ್ಲಿ ಹಾರಿಸಿದರು. ಇವರಿಗೆ ಹದಿನೇಳು ವರುಷಗಳು ಹಿಡಿದುವು. ವಾಯುಸೈನ್ಯದ ಮೊದಲನೆಯ ತೇಜಸ್ ದಳವು ಬೆಂಗಳೂರಿನಲ್ಲಿ ಏರ್ಪಟ್ಟದ್ದು ೨೦೧೬ರ ಜುಲೈ ೧ರಂದು. ಹಂಚಿಕೊಂಡ ಕೆಲಸದಲ್ಲಿ ತಡವಾದುದಕ್ಕೆ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲವೆಂದು ಟೀಕಿಸಿದವರ ಮಾತಿನಲ್ಲಿ ಸತ್ಯಾಂಶವುಂಟು.

ಆದರೆ ಈ ವಿಮಾನವನ್ನು ಸ್ಥಿರವಾಗಿ ಹಿಡಿದು ನಡೆಯಿಸುವುದು ಚಾಲಕನ ಕೈಯಷ್ಟೇ ಅಲ್ಲ, ಲೆಕ್ಕಯಂತ್ರವೂ ಹೌದು. ಆ ನಿಯಂತ್ರಣದ ಗಣಿತಸೂತ್ರಗಳನ್ನು ಸಿದ್ಧಪಡಿಸಲು ೧೯೯೨ರಲ್ಲಿ ಕೋಡಿಹಳ್ಳಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ತರುಣರದೊಂದು ತಂಡವು ಏರ್ಪಟ್ಟಿತ್ತು. ಅಮೇರಿಕಾದ ಕಂಪನಿಯೊಂದು ಇದರಲ್ಲಿ ಸಹಾಯಕ್ಕಿದ್ದಿತು. ೧೯೯೮ರ ಮೇ ತಿಂಗಳಲ್ಲಿ ಪೋಖರಣದ ಅಣುಪರೀಕ್ಷೆಗಳು ನಡೆದೊಡನೆ ಅಮೇರಿಕಾ ಸರ್ಕಾರವು ನಿರ್ಬಂಧವನ್ನು ಹೇರಿತು. ಅಲ್ಲಿದ್ದ ನಮ್ಮ ಎಂಜಿನಿಯರುಗಳನ್ನು ಹಿಂದಕ್ಕೆ ಕಳುಹಿಸಲಾಯಿತು, ಸಲಕರಣೆಗಳು ಅಲ್ಲಿಯೇ ಉಳಿದುವು. ಉಳಿದ ಕೆಲಸವನ್ನು ಇವರು ಬೆಂಗಳೂರಿನಲ್ಲಿ ಕುಳಿತು ತಾವೇ ಮುಗಿಸಿದರು. ೨೦೦೧ನೆಯ ಇಸವಿ ಜನವರಿ ೪ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲರು ಆ ವಿಮಾನವನ್ನು, ಹಿಂದೆ ಸುರಂಜನ್ ದಾಸರು ಮಾರುತವನ್ನು ಏರಿಸಿದ ವಿಮಾನನಿಲ್ದಾಣದಿಂದಲೇ ಮೇಲೇರಿಸಿ, ೧೮ ನಿಮಿಷಗಳ ಕಾಲ ಹಾರಿಸಿ ಇಳಿಸಿದರು.